ಮಂಜಿಗೆ ಕೊಟ್ಟ ಅಂಕ

ಪ್ರಕಾಶನದ ಕಚೇರಿಯಲ್ಲಿ ಅವಳಿಗಿದ್ದ ಹೆಸರು ಹತ್ತಕ್ಕೆಷ್ಟಕ್ಕ. ಮೊದಮೊದಲು ಬೆನ್ನ ಹಿಂದೆ ಹಾಗೆ ಕರೆಯುತ್ತಿದ್ದರು, ಬರಬರುತ್ತ ಎದುರಿಗೇ ಕರೆಯತೊಡಗಿದರು, ಕೊನೆಗೆ ಅವಳೇ ಫೋನೆತ್ತಿ "ಹತ್ತಕ್ಕೆಷ್ಟಕ್ಕ ಮಾತಾಡ್ತಿರೋದು" ಅನ್ನುವಷ್ಟು ಆ ಹೆಸರು ಅವಳಿಗೆ ಅಂಟಿಕೊಂಡಿತು. ಅಲ್ಲಿ ಅಚ್ಚಾಗುತ್ತಿದ್ದದ್ದು ಕಾಮಿಕ್ಸ್ ಪುಸ್ತಕಗಳು. ಪ್ರತಿ ಸಂಚಿಕೆಯೂ ಅಚ್ಚಿಗೆ ಹೋಗುವ ಮುಂಚೆ ಅವಳ ಮೇಜಿಗೆ ಬರಬೇಕು. ಅವಳು ಓದಿ, ಬರಹಕ್ಕೆ ಹತ್ತಕ್ಕೆಷ್ಟು, ಚಿತ್ರಕ್ಕೆ ಹತ್ತಕ್ಕೆಷ್ಟು ಎಂದು ಅಂಕ ಹಾಕಿ, ಯಾಕೆ ಎಂದು ನಾಲ್ಕು ಸಾಲು ಗೀಚಿ ಕಳಿಸಬೇಕು. ಇದೂ ಒಂದು ಕೆಲಸವೇ ಎಂದು ನೀವು ಮೂಗು ಮುರಿಯಬಹುದು. ಆ ನಾಲ್ಕು ಸಾಲಿಗೆ ಹೆದರಿ ನಿದ್ದೆಗೆಟ್ಟ ಕಲಾವಿದರನ್ನು ಒಮ್ಮೆ ಕೇಳಿ ನೋಡಿ, ಆಮೇಲೆ ಮುರಿಯಿರಿ.

ಸೇರಿದ್ದು ಟೈಪಿಸ್ಟ್ ಆಗಿ. ಆಗಿನ ಯಜಮಾನರ ಕೋಣೆಯ ಹೊರಗೆ ಕೂತು ಟೈಪು ಮಾಡುತ್ತ, ಬಿಡುವಾದಾಗ ಮಸಿ ಒಣಗಲೆಂದು ಹರವಿದ್ದ ಪುಟಗಳ ಮೇಲೆ ಕಣ್ಣಾಡಿಸುತ್ತಿದ್ದಳು. ಓದಿದವರೆಲ್ಲ ಕಣ್ಣು ಒರೆಸಿಕೊಳ್ಳಬೇಕಾದ ಒಂದು ಪುಟದ ಮುಂದೆ ಅವಳು ಕಿಸಕ್ಕನೆ ನಕ್ಕದ್ದನ್ನು ಯಜಮಾನರು ಕಂಡು, ಯಾಕಮ್ಮಾ ಎಂದು ಕೇಳಿದರು. "ಮಾತಲ್ಲಿ ಇವನು ಸಾಯ್ತಾ ಇದಾನೆ ಸಾರ್. ಚಿತ್ರದಲ್ಲಿ ನೋಡಿದ್ರೆ ಹೊಟ್ಟೆ ತುಂಬ ಉಂಡು ಮಲಗಿರೋ ಹಾಗಿದಾನೆ." ಯಜಮಾನರಿಗೂ ನಗು ತಡೆಯಲಾಗಲಿಲ್ಲ. ಕೆಲವೇ ದಿನಗಳಲ್ಲಿ ಟೈಪ್‌ರೈಟರ್ ಬೇರೆಯವರ ಮೇಜಿಗೆ ಹೋಯಿತು, ಅವಳಿಗೆ ಕಿಟಕಿಯ ಪಕ್ಕದ ಕುರ್ಚಿ ಸಿಕ್ಕಿತು.

ಅವಳ ಪದ್ಧತಿ ಅವಳದೇ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಸಣ್ಣಸಣ್ಣ ಪಟ್ಟಿ ಕತ್ತರಿಸಿಟ್ಟುಕೊಂಡಿದ್ದಳು. ಮೊದಲ ಸುತ್ತಿನಲ್ಲಿ ಮಾತುಗಳಿರುವ ಗುಳ್ಳೆಗಳನ್ನೆಲ್ಲ ಆ ಪಟ್ಟಿಗಳಿಂದ ಮುಚ್ಚಿ ಬರೀ ಚಿತ್ರ ನೋಡುವುದು. ಎರಡನೆಯ ಸುತ್ತಿನಲ್ಲಿ ಚಿತ್ರವನ್ನೆಲ್ಲ ಮುಚ್ಚಿ ಬರೀ ಮಾತು ಓದುವುದು. ಎರಡನ್ನೂ ಒಟ್ಟಿಗೆ ನೋಡಿದರೆ ಒಂದರ ಹುಳುಕನ್ನು ಇನ್ನೊಂದು ಮುಚ್ಚಿಹಾಕುತ್ತದೆ ಎಂಬುದು ಅವಳ ವಾದ. ಈ ಚಟ ಮನೆಗೂ ಬಂದಿತ್ತು. ಗಡಿಯಾರ ರಿಪೇರಿ ಮಾಡುವ ಗಂಡ ಕಾಫಿ ಕೊಟ್ಟು "ಹತ್ತಕ್ಕೆಷ್ಟೇ?" ಎಂದರೆ, "ಬಿಸಿಗೆ ಎಂಟು, ಸಕ್ಕರೆಗೆ ಮೂರು" ಎನ್ನುವಳು. ಎರಡನ್ನೂ ಕಲೆಸಿ ಒಂದು ಅಂಕ ಕೊಡಲಿಕ್ಕೆ ಏನು ಧಾಡಿ ಎಂದು ಅವನು ಗೊಣಗುತ್ತಿದ್ದ. ಮದುವೆಯಾದಾಗಿನಿಂದ ತನಗೆ ಯಾವುದಕ್ಕೆ ಎಷ್ಟು ಬಂದಿದೆ ಎಂದು ಕೇಳುವ ಧೈರ್ಯ ಮಾತ್ರ ಅವನು ಮಾಡಿರಲಿಲ್ಲ.

ಆ ಕಚೇರಿಯ ಅನ್ನದ ಬಟ್ಟಲು 'ಆರುಮಂದಿ' ಎಂಬ ಮಾಲಿಕೆ. ಆರು ಜನ ಅತಿಮಾನವರ ಪಡೆ. ಚಪ್ಪಾಳೆ ತಟ್ಟಿದರೆ ಸಿಡಿಲು ಬೀಳಿಸುವ ಗುಡುಗಜ್ಜಿ ಅದರ ನಾಯಕಿ. ಗೋಡೆಯಾಚೆ ನೋಡಬಲ್ಲ, ಆದರೆ ಕಣ್ಣೆದುರಿನ ಕನ್ನಡಕ ಕಾಣದ ಗಾಜುಗಣ್ಣ, ಊರಿನ ಚಮಚವನ್ನೆಲ್ಲ ಮೈಗೆ ಅಂಟಿಸಿಕೊಂಡು ಓಡಾಡುವ ಅಯಸ್ಕಾಂತಿ, ಸೇತುವೆ ಎತ್ತಬಲ್ಲ ಆದರೆ ಜಿರಲೆಗೆ ಹೆದರುವ ಬಂಡೆಯಪ್ಪ, ಇನ್ನಿಬ್ಬರು. ಒಂದು ತಲೆಮಾರಿನ ಮಕ್ಕಳು ಅದನ್ನು ಓದಿ ದೊಡ್ಡವರಾಗಿ, ಈಗ ತಮ್ಮ ಮಕ್ಕಳ ಕೈಯಿಂದ ಕಿತ್ತುಕೊಂಡು ಓದುತ್ತಿದ್ದರು. ಚಿತ್ರ ಬಿಡಿಸುವವರು ವಯಸ್ಸಾದವರು, ಕಥೆ ಬರೆಯುವವನು ಅವರ ಹೆಂಡತಿಯ ತಮ್ಮ. ಕಥೆಯವನು ಅವರನ್ನು ಭಾವ ಎನ್ನುತ್ತಿದ್ದನಾದ್ದರಿಂದ ಇಡೀ ಕಚೇರಿಗೆ ಅವರು ಭಾವ, ಇವನು ಭಾಮೈದ. ನಡುವಿನ ಕೊಂಡಿಯಾಗಿದ್ದ ಆಕೆ ತೀರಿಕೊಂಡು ಬಹಳ ಕಾಲವಾಗಿದ್ದರೂ ಇಬ್ಬರೂ ಒಂದೇ ಮನೆಯಲ್ಲಿ, ಒಂದೇ ಒಲೆಯ ಮೇಲೆ ಬೇಯಿಸಿಕೊಂಡು, ಒಬ್ಬರನ್ನೊಬ್ಬರು ಬೈದುಕೊಂಡು ಇದ್ದರು.

ಆರುಮಂದಿಗೆ ಅವಳು ಎರಡು ಕಡೆಯೂ ಏಳೋ ಎಂಟೋ ಹಾಕುವುದು ರೂಢಿ. ಈಚಿನ ಕೆಲವು ಸಂಚಿಕೆಗಳಲ್ಲಿ ಮಾತ್ರ ತಕ್ಕಡಿ ಏರುಪೇರಾಗಿತ್ತು. ಚಿತ್ರಕ್ಕೆ ಹೊಸ ಜೀವ ಬಂದಿತ್ತು. ಮೊದಲಿನ ಕುಸುರಿ, ಗುಂಡಿ ಗುಂಡಿ ಎಣಿಸಬಹುದಾದ ಅಂಗಿ, ಕಿಟಕಿ ಕಿಟಕಿಯಲ್ಲಿ ಒಂದು ಮುಖ, ಎಲ್ಲ ಹೋಗಿ ಪುಟದ ತುಂಬ ದಪ್ಪ ಕಪ್ಪು, ನಡುವೆ ಬಿಳಿಯ ಒಂದು ಸೀಳು. ಬೆನ್ನು ತಿರುಗಿಸಿ ನಿಂತ ಗುಡುಗಜ್ಜಿಯ ಸೆರಗು ಅರ್ಧ ಆಕಾಶ ಮುಚ್ಚಿತ್ತು. ಅವಳು ಜೀವಮಾನದಲ್ಲೇ ಮೊದಲ ಬಾರಿಗೆ ಒಂಬತ್ತು ಹಾಕಿದಳು. "ಈ ವಯಸ್ಸಿನಲ್ಲಿ ಈ ಧೈರ್ಯ!" ಎಂದು ಬರೆದಳು.

ಬರಹದ ಕಥೆ ಬೇರೆ. ಯಾವಾಗ ನೋಡಿದರೂ ರಾತ್ರಿ. ರಾತ್ರಿ ಅಲ್ಲದಿದ್ದರೆ ಮಂಜು. ಮಂಜೂ ಇಲ್ಲದಿದ್ದರೆ ಊರಿಗೆಲ್ಲ ಕರೆಂಟು ಹೋಗಿರುತ್ತದೆ. ಆರು ಜನರ ಪಡೆಯಲ್ಲಿ ನಾಲ್ವರು ಒಂದಲ್ಲ ಒಂದು ನೆಪದಲ್ಲಿ ರಜೆಯ ಮೇಲೆ. ಬಂಡೆಯಪ್ಪನಿಗೆ ನೆಗಡಿ, ಅಯಸ್ಕಾಂತಿ ಚಿಕ್ಕಮ್ಮನ ಮನೆಗೆ. ಶತ್ರುಗಳೂ ಗುಂಪಾಗಿ ಬರುವುದು ಬಿಟ್ಟು ಒಬ್ಬೊಬ್ಬರೇ ಬಂದು ಏಟು ತಿಂದು ಹೋಗುತ್ತಿದ್ದರು. ಚಿತ್ರ ಮುಚ್ಚಿ ಓದಿದರೆ ಏನೂ ಉಳಿಯುತ್ತಿರಲಿಲ್ಲ. ಅವಳು ಆರು ಹಾಕಿದಳು, ಐದು ಹಾಕಿದಳು, ಕೊನೆಗೆ ನಾಲ್ಕು ಹಾಕಿ "ಬರೆಯುವವರಿಗೆ ಪಾತ್ರಗಳೇ ಬೇಡವಾದಂತಿದೆ" ಎಂದು ಬರೆದಳು.

ಈಗಿನ ಸಂಪಾದಕ ಚುರುಕು ಮನುಷ್ಯ, ಅವಳಿಗಿಂತ ಚಿಕ್ಕವನು. ಅವಳನ್ನು ಕರೆದು ಬಾಗಿಲು ಮುಂದೆ ಮಾಡಿ ಹೇಳಿದ.

"ಅಕ್ಕಾ, ಭಾಮೈದನ್ನ ಬಿಡೋಣ ಅಂತಿದೀನಿ. ಚಿತ್ರ ಒಂಬತ್ತು, ಕಥೆ ನಾಲ್ಕು ಅಂದ್ರೆ ಯಾವ ನ್ಯಾಯ? ಅಷ್ಟು ದೊಡ್ಡ ಕಲಾವಿದರನ್ನ ಇವನು ಹಾಳು ಮಾಡ್ತಿದಾನೆ. ಹೊಸ ಹುಡುಗರು ಬರೀತಾರೆ. ಯುದ್ಧ, ಜನಜಂಗುಳಿ, ಪುಟ ತುಂಬ ಗಲಾಟೆ ಇರಬೇಕು."

"ಅವರಿಗೆ ಹೇಳಿದೀರಾ?"

"ನೀವೇ ಹೇಳ್ಬಿಡಿ. ಮುಂದಿನ ಸಂಚಿಕೆಯ ಕೊನೇ ಪುಟಗಳು ಇನ್ನೂ ಬಂದಿಲ್ಲ, ತರೋ ನೆಪದಲ್ಲಿ ಹೋಗಿ ಬನ್ನಿ. ಅಂಕ ಹಾಕಿದೋರು ನೀವು ತಾನೆ."

ಆ ಮಾತು ಅವಳಿಗೆ ಚುಚ್ಚಿತು. ಬರೆಯುವವರ, ಬಿಡಿಸುವವರ ಮನೆ ಮೆಟ್ಟಿಲು ಹತ್ತಬಾರದು ಎಂದು ಅವಳು ಇಷ್ಟು ವರ್ಷ ಪಾಲಿಸಿಕೊಂಡು ಬಂದಿದ್ದಳು. ಒಬ್ಬರ ಮನೆಯ ಕಾಫಿ ಕುಡಿದ ಮೇಲೆ ಅವರಿಗೆ ನಾಲ್ಕು ಹಾಕುವುದು ಕಷ್ಟ. ಆದರೂ ಹೊರಟಳು, ಯಾಕೆಂದರೆ ಸಂಪಾದಕ ಹೇಳಿದ್ದು ನಿಜವಾಗಿತ್ತು.

ಸೈಕಲ್ ಅಂಗಡಿಯ ಪಕ್ಕದಲ್ಲಿ ಕಡಿದಾದ ಮೆಟ್ಟಿಲು, ಮೇಲೆ ಎರಡು ಕೋಣೆ. ಬಾಗಿಲು ತೆರೆದೇ ಇತ್ತು. ಹಗಲು ಹೊತ್ತಿನಲ್ಲೂ ಪರದೆ ಎಳೆದಿದ್ದರು. ಒಳಗೆ ನೋಡಿದರೆ, ತಲೆ ನರೆತ ಭಾಮೈದ ಹೊದಿಕೆಯನ್ನು ಹೆಗಲಿಗೆ ಕಟ್ಟಿಕೊಂಡು, ಚಿತ್ರಕ್ಕೆ ಮಾದರಿಯಾಗಿ ದೀಪದ ಮುಂದೆ ಸ್ಟೂಲಿನ ಮೇಲೆ ಒಂಟಿ ಕಾಲಲ್ಲಿ ನಿಂತಿದ್ದ. ಅವನ ನೆರಳು ಗೋಡೆ ತುಂಬಿತ್ತು. ಓರೆ ಹಲಗೆಯ ಮುಂದೆ ಭಾವ. ಇಬ್ಬರೂ ಅವಳನ್ನು ಗಮನಿಸಲಿಲ್ಲ. ಭಾವ ಸಣ್ಣ ಪೆನ್ನು ಹಿಡಿದು ಗುಡುಗಜ್ಜಿಯ ಮುಖಕ್ಕೆ ಕೈ ಹಾಕಿದರು. ಪೆನ್ನಿನ ಮೊನೆ ಕಾಗದ ಮುಟ್ಟುವ ಮೊದಲೇ ಅವರ ಕೈ ಗಡಗಡ ನಡುಗತೊಡಗಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ಆದರೂ ಅಜ್ಜಿಯ ಕಣ್ಣಿನ ಗೆರೆ ಕೆನ್ನೆಯವರೆಗೆ ಜಾರಿಹೋಯಿತು.

ಭಾಮೈದ ಸ್ಟೂಲಿನಿಂದ ಧುಮುಕಿದ.

"ಬಿಡಿ ಭಾವ, ತಪ್ಪು ನಂದೇ. ಅಜ್ಜಿ ಇಲ್ಲಿ ಮುಖ ತೋರಿಸೋದೇ ಕಥೆಗೆ ಹೊಂದಲ್ಲ. ಮಂಜು ಇಳೀತು ಅಂತ ಬದಲಾಯಿಸ್ತೀನಿ."

"ಮತ್ತೆ ಮಂಜೇನೋ?" ಭಾವ ರೇಗಿದರು. "ನಿನ್ನ ತಲೇಲೂ ಅದೇ ತುಂಬಿರೋ ಹಾಗಿದೆ. ಏನು ಕಥೆಗಾರನೋ ಮಾರಾಯ ನೀನು!"

"ನನಗೆ ಬರೋದೇ ಅಷ್ಟು. ಏನು ಮಾಡ್ಲಿ, ನೀವೇ ಸುಧಾರಿಸಿಕೊಳ್ಳಿ," ಎಂದು ಅವನು ನಗುತ್ತ ದಪ್ಪ ಕುಂಚವನ್ನು ಅವರ ಕೈಗಿಟ್ಟು, ಹಲಗೆಯನ್ನು ಅವರ ತೋಳು ಬೀಸುವ ಕಡೆಗೆ ಓರೆ ಮಾಡಿ ಹಿಡಿದು ನಿಂತ. ಭಾವ ಭುಜದಿಂದ ಕೈ ಬೀಸಿದರು. ಬೆರಳಿನ ಸಣ್ಣ ನಡುಕ ಆ ದೊಡ್ಡ ಬೀಸಿನಲ್ಲಿ ಮುಳುಗಿಹೋಯಿತು. ಒಂದೇ ಎಳೆತಕ್ಕೆ ಅಜ್ಜಿಯ ಬೆನ್ನು, ಇನ್ನೊಂದಕ್ಕೆ ಸೆರಗು. ಅವಳು ಒಂಬತ್ತು ಕೊಟ್ಟಿದ್ದ ಅದೇ ಕಪ್ಪು.

ಹತ್ತಕ್ಕೆಷ್ಟಕ್ಕ ಬಾಗಿಲಲ್ಲೇ ನಿಂತಳು. ರಜೆಯ ಮೇಲಿದ್ದ ನಾಲ್ವರು, ಹೋದ ಕರೆಂಟು, ಒಬ್ಬೊಬ್ಬರೇ ಬರುವ ಶತ್ರುಗಳು ಎಲ್ಲ ಒಟ್ಟಿಗೆ ಅರ್ಥವಾದವು. ಕಥೆ ತೆಳುವಾದದ್ದು ಬರೆಯಲು ಬಾರದೆ ಅಲ್ಲ. ಭಾವನ ಕೈಗೆ ಯಾವುದು ಆಗುವುದಿಲ್ಲವೋ ಅದನ್ನೆಲ್ಲ ಅವನು ಕಥೆಯಿಂದಲೇ ಕಿತ್ತುಹಾಕುತ್ತಿದ್ದ. ಅವಳು ಹೊಗಳಿದ ಧೈರ್ಯ ಇವನು ಬರೆದದ್ದು. ಅವಳು ಬೈದ ಮಂಜು ಇವನ ಪ್ರೀತಿ. ಮಾತು ಬೇರೆ, ಚಿತ್ರ ಬೇರೆ ಎಂದು ಪಟ್ಟಿ ಹಾಕಿ ಮುಚ್ಚಿಮುಚ್ಚಿ ನೋಡಿದವಳಿಗೆ ಇದು ಕಾಣುವುದಾದರೂ ಹೇಗೆ? ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು ಅವಳಿಗೆ.

ಅವಳನ್ನು ಕಂಡು ಇಬ್ಬರೂ ಗಡಬಡಿಸಿದರು. ಭಾವ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡರು. ಭಾಮೈದ ಹೊದಿಕೆ ಬಿಚ್ಚುವುದನ್ನೂ ಮರೆತು "ಹಾಲು ತರ್ತೀನಿ, ಕೂತ್ಕೊಳ್ಳಿ ಅಕ್ಕಾ" ಎಂದು ಮೆಟ್ಟಿಲಿಳಿದು ಓಡಿದ. ಅವನ ಹೆಜ್ಜೆ ಸದ್ದು ಅಡಗಿದ್ದೇ ತಡ, ಭಾವ ಕುರ್ಚಿ ಹತ್ತಿರ ಎಳೆದುಕೊಂಡರು.

"ಅಮ್ಮಾ, ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬೇಡಿ. ಇವನ ಕಥೆ ಸೊರಗಿದೆ, ನನಗೂ ಕಾಣುತ್ತೆ. ಯಾಕೋ ಗೊತ್ತಿಲ್ಲ, ತಲೆ ಓಡ್ತಿಲ್ಲ ಪಾಪ. ಒಂದೆರಡು ಅಂಕ ಜಾಸ್ತಿ ಹಾಕೋಕಾಗುತ್ತಾ? ನನ್ನ ಲೆಕ್ಕದಿಂದ ಬೇಕಾದ್ರೆ ತೆಕ್ಕೊಳ್ಳಿ."

ಅವಳ ಕಣ್ಣು ಮೇಜಿನ ಕೆಳಗೆ ಹೋಯಿತು. "ನಿಮ್ಮ ಕೈ..." ಎಂದಳು.

"ಸ್ವಲ್ಪ ನಡುಗುತ್ತೆ. ವಯಸ್ಸಲ್ವಾ. ಆದ್ರೆ ನೀವು ಹಾಕೋ ಒಂಬತ್ತು ನೋಡಿದಾಗ ಕೈ ಇನ್ನೂ ಸತ್ತಿಲ್ಲ ಅನ್ಸುತ್ತೆ. ನಾನಿರೋ ತನಕ ಇವನನ್ನೂ ಎಳ್ಕೊಂಡು ಹೋಗಬಹುದು ಅನ್ನೋ ಧೈರ್ಯ."

ಯಾರು ಯಾರನ್ನು ಎಳೆದುಕೊಂಡು ಹೋಗುತ್ತಿದ್ದಾರೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಈ ಮುದುಕನ ಕೈಯಿಂದ ಕುಂಚ ಆವತ್ತೇ ಬಿದ್ದುಹೋಗುತ್ತಿತ್ತು. ಹೇಳದಿದ್ದರೆ ಇನ್ನೊಬ್ಬನ ಕೆಲಸ ಹೋಗುತ್ತಿತ್ತು. ಕಾಫಿ ಬಂತು. ಭಾವನ ಲೋಟವನ್ನು ಭಾಮೈದ ಅರ್ಧ ಮಾತ್ರ ತುಂಬಿಸಿ, ಜಗಳಕ್ಕೆ ಬಂದವನ ಹಾಗೆ "ನಿಮಗೆ ಇಷ್ಟೇ, ಸಕ್ಕರೆ ಕಾಯಿಲೆ ಬರುತ್ತೆ" ಎಂದು ಕೊಟ್ಟ. ಅವರು ಚೆಲ್ಲದೆ ಕುಡಿದರು.

ಪುಟಗಳನ್ನು ಹಿಡಿದು ಅವಳು ಹೊರಟಾಗ ಭಾಮೈದ ಕೆಳಗಿನವರೆಗೆ ಬಂದ. ಸೈಕಲ್ ಅಂಗಡಿಯ ಮುಂದೆ ನಿಂತು, ಅವಳ ಮುಖ ನೋಡದೆ ಕೇಳಿದ.

"ನನ್ನ ತೆಗೀತಾರೆ ಅಲ್ವಾ ಅಕ್ಕಾ?"

ಅವಳು ಪುಟಗಳ ಕಟ್ಟನ್ನು ಕಂಕುಳಿಗೆ ಸರಿಸಿಕೊಂಡಳು.

"ತೆಗೀಲಿ ಬಿಡಿ, ಬೇಜಾರಿಲ್ಲ. ನಾನು ಎಲ್ಲೋ ಕರಡು ತಿದ್ದಿಕೊಂಡು ಬದುಕ್ತೀನಿ. ಹೊಸದಾಗಿ ಬರೋನಿಗೆ ಮಾತ್ರ ಒಂದು ಮಾತು ಹೇಳಿ. ಜನಜಂಗುಳಿ ಬರೀಬೇಡಪ್ಪಾ ಅಂತ. ಮುಖಗಳನ್ನ ಹತ್ತಿರದಿಂದ ಕೇಳಬೇಡ, ದೊಡ್ಡ ದೊಡ್ಡ ಆಕಾರ ಕೇಳು ಅಂತ. ನಮ್ಮ ಭಾವನಿಗೆ ಇದು ಗೊತ್ತಾಗಬಾರದು. ಚಿತ್ರದ ಅಂಕ ಇಳಿಸಬೇಡಿ, ಕೈ ಮುಗೀತೀನಿ."

ಅವನು ನಿಜವಾಗಿಯೂ ಕೈ ಮುಗಿದ. ಹೆಗಲ ಮೇಲೆ ಹೊದಿಕೆ ಇನ್ನೂ ಹಾಗೇ ಇತ್ತು. ಸೈಕಲ್ ಅಂಗಡಿಯವನು ಪಂಕ್ಚರ್ ಹಾಕುವುದು ನಿಲ್ಲಿಸಿ ನೋಡುತ್ತಿದ್ದ. ಅವಳಿಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು, ಆದರೆ "ಹೋಗಿ, ಒಲೆ ಮೇಲೆ ಹಾಲು ಇಟ್ಟಿದೀರಿ" ಎಂದು ಗದರಿ ಬಂದುಬಿಟ್ಟಳು.

ಸಂಜೆ ಗಂಡನಿಗೆ ಎಲ್ಲ ಹೇಳಿದಳು. ಅವನು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯದೆಯೇ ಕೇಳಿಸಿಕೊಂಡ.

"ಹಾಕಿದ ಅಂಕ ತಿದ್ದಬಾರದು ಅಂತ ಇದೆಯೇನೇ?"

"ತಿದ್ದಬಹುದು. ಚಿತ್ರದ್ದು ಇಳಿಸಿದ್ರೆ ಆ ಭಾವ ಹೋಗ್ತಾರೆ."

"ಇಳಿಸು ಅಂತ ಯಾರಂದ್ರು? ಚಿತ್ರ ಚೆನ್ನಾಗಿದೆಯೋ ಇಲ್ವೋ?"

"ಚೆನ್ನಾಗಿದೆ."

"ಮತ್ತೆ? ಕಥೆಯವನ ಪಾಲು ಅವನಿಗೆ ಕೊಡು. ಇಷ್ಟು ವರ್ಷ ಜಿಪುಣತನ ಮಾಡಿದ್ದು ಸಾಲದಾ?"

ಅವಳು ಈಚಿನ ಸಂಚಿಕೆಗಳನ್ನು ಮತ್ತೆ ತೆಗೆದು, ಯಾವುದನ್ನೂ ಮುಚ್ಚದೆ, ಚಿಕ್ಕಂದಿನಲ್ಲಿ ಓದುತ್ತಿದ್ದ ಹಾಗೆ ಓದಿದಳು. ಗುಡುಗಜ್ಜಿ ಮಂಜಿನಲ್ಲಿ ಬೆನ್ನು ತಿರುಗಿಸಿ ನಿಂತ ಪುಟದಲ್ಲಿ ಇದ್ದದ್ದು ಒಂದೇ ಮಾತು: "ಇಲ್ಲೇ ಇದೀನಿ." ಮುಚ್ಚಿಕೊಂಡು ಓದಿದಾಗ ಅದು ಏನೂ ಅಲ್ಲದ ಮಾತಾಗಿತ್ತು. ಆ ಕಪ್ಪಿನ ಪಕ್ಕದಲ್ಲಿ ಈಗ ಓದಿದರೆ ಅವಳಿಗೆ ಮೈ ಜುಮ್ಮೆಂದಿತು.

ಮರುದಿನ ಸಂಪಾದಕನ ಮೇಜಿನ ಮೇಲೆ ಪುಟಗಳನ್ನಿಟ್ಟಳು. "ಚಿತ್ರಕ್ಕೆ ಒಂಬತ್ತು, ಬರಹಕ್ಕೂ ಒಂಬತ್ತು."

ಅವನು ನಕ್ಕ. "ಕಾಫಿ ಚೆನ್ನಾಗಿತ್ತು ಅನ್ಸುತ್ತೆ. ನಾಲ್ಕು ಇದ್ದದ್ದು ಒಂಬತ್ತು ಹೇಗಾಯ್ತು ಅಕ್ಕಾ?"

"ನಾಲ್ಕು ಹಾಕಿದ್ದು ನನ್ನ ತಪ್ಪು ಸಾರ್. ಈ ಕಪ್ಪು, ಈ ಮಂಜು ನೋಡಿ ನಾನೂ ನೀವೂ ಮರುಳಾದ್ವಲ್ಲ, ಅದನ್ನ ಯೋಚಿಸಿ ಕೇಳಿದೋನು ಭಾಮೈದ. ಚಿತ್ರ ಎದ್ದು ನಿಲ್ಲಲಿ ಅಂತ ತನ್ನ ಮಾತನ್ನ ತಾನೇ ಕಡಿಮೆ ಮಾಡ್ಕೊಂಡಿದಾನೆ. ಅವನನ್ನ ತೆಗೆದು ಬೇರೆಯವರನ್ನ ತಂದರೆ ಈ ಚಿತ್ರ ನಿಮಗೆ ಸಿಗಲ್ಲ."

ಅವಳು ಸುಳ್ಳು ಹೇಳಲಿಲ್ಲ, ಅರ್ಧಕ್ಕೆ ನಿಲ್ಲಿಸಿದಳು ಅಷ್ಟೆ. ಸಂಪಾದಕ ಪುಟಗಳನ್ನು ಹಿಂದೆ ಮುಂದೆ ತಿರುವಿದ. ಮೂಗಿನ ತುದಿ ಕೆರೆದುಕೊಂಡ. ಅವನು ಕೆಟ್ಟವನಲ್ಲ, ಅವಸರದವನು. "ನೀವು ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು. ಆಯ್ತು, ಇಬ್ಬರೂ ಇರಲಿ," ಎಂದ.

ಮೆಟ್ಟಿಲಿನ ಮನೆಗೆ ಎರಡನೆಯ ಸಲ ಹೋದಾಗ ಅವಳ ಕಾಲು ತಾನಾಗಿ ಹತ್ತಿತು. ಭಾವ ಹಲಗೆಯ ಮುಂದೆ, ಭಾಮೈದ ಮೂಲೆಯಲ್ಲಿ ಕುಂಚ ತೊಳೆಯುತ್ತ ಕೂತಿದ್ದರು. ಬರಹಕ್ಕೆ ಒಂಬತ್ತು ಬಂದಿದೆ, ಭಾಮೈದನೇ ಮುಂದುವರಿಯುತ್ತಾನೆ ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಭಾವ ಎದ್ದು ನಿಂತರು.

"ಒಂಬತ್ತಾ? ಇವನಿಗಾ? ಅಬ್ಬಾ, ಬದುಕಿದೆ!" ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಕೈ ತೆಗೆದಾಗ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ನಗು. "ಇನ್ನು ನಾನು ಕುಂಚ ಕೆಳಗಿಡಬಹುದು."

"ಏನಂದ್ರಿ?" ಎಂದ ಭಾಮೈದ.

"ಡಾಕ್ಟ್ರು ಯಾವತ್ತೋ ಹೇಳಿದ್ರು ಕಣೋ, ಕೈಗೆ ವಿಶ್ರಾಂತಿ ಕೊಡಿ ಅಂತ. ರಾತ್ರಿಯೆಲ್ಲ ನೋಯುತ್ತೆ. ಆದ್ರೆ ನಿನ್ನ ಅಂಕ ಇಳೀತಾ ಹೋಯ್ತು. ನಾಲ್ಕು ಬಂದೋನ ಕಥೆಗೆ ಬೇರೆ ಯಾರು ಚಿತ್ರ ಬಿಡಿಸ್ತಾರೆ? ನಾನು ಬಿಟ್ರೆ ನಿನ್ನನ್ನ ಮನೆಗೆ ಕಳಿಸ್ತಾರೆ ಅಂತ ಹಲ್ಲು ಕಚ್ಚಿ ಕೂತಿದ್ದೆ. ಈಗ ಒಂಬತ್ತು ಬಂತಲ್ಲ, ಯಾರು ಬೇಕಾದ್ರೂ ಓಡಿ ಬರ್ತಾರೆ."

ಭಾಮೈದನ ಕೈಯಲ್ಲಿದ್ದ ಕುಂಚದಿಂದ ಕಪ್ಪು ನೀರು ಅವನ ಪಂಚೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಅವನು ಎದ್ದು ಬಂದ. ಕೊನೆಗೆ ಹೇಳಿದ.

"ಭಾವ, ಆ ಮಂಜೆಲ್ಲ..."

ಭಾವ ಅವನನ್ನು ನೋಡಿದರು. ಗೋಡೆಗೆ ಒರಗಿಸಿದ್ದ ಕಪ್ಪು ಪುಟಗಳ ಕಡೆ ತಿರುಗಿ, ಒಂದೊಂದಾಗಿ ನೋಡುತ್ತ ಬಂದರು. ತಮ್ಮ ಬಲಗೈಯನ್ನು ನೋಡಿಕೊಂಡರು. ಅರ್ಥವಾಗಲು ಬಹಳ ಹೊತ್ತು ಬೇಕಾಗಲಿಲ್ಲ.

"ಕತ್ತೆ," ಎಂದರು ಮೆಲ್ಲಗೆ. "ನನಗೋಸ್ಕರ ನಾಲ್ಕು ತಗೊಂಡ್ಯೇನೋ?"

"ನೀವು ನನಗೋಸ್ಕರ ಕೈ ನೋಯಿಸ್ಕೊಂಡ್ರಲ್ಲ, ನೀವೇನು?"

ಇಬ್ಬರೂ ಬೈದುಕೊಳ್ಳಲು ಶುರು ಮಾಡಿದರು, ಬೈಯುತ್ತಲೇ ಅತ್ತರು. ಹತ್ತಕ್ಕೆಷ್ಟಕ್ಕ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ತಾನು ಹಾಕಿದ ಎರಡು ಅಂಕಗಳ ನಡುವೆ ಈ ಇಬ್ಬರು ಇಷ್ಟು ದಿನ ಹೀಗೆ ನರಳಿದರಲ್ಲ ಎಂದು ತನ್ನನ್ನೇ ಬೈದುಕೊಂಡಳು.

ಅಳು ಮುಗಿದ ಮೇಲೆ ಭಾವ ಪರದೆ ಸರಿಸಿದರು.

"ನಿಲ್ಲಿಸೋ ಮುಂಚೆ ಒಂದು ಸಂಚಿಕೆ ಮಾಡೋಣ. ಮಂಜು ಬೇಡ. ಮಟಮಟ ಮಧ್ಯಾಹ್ನದ ಬಿಸಿಲು ಇರಲಿ. ಆರು ಜನಾನೂ ಒಟ್ಟಿಗೆ ಇರಲಿ, ಆರು ಮುಖಾನೂ ಇರಲಿ."

"ಕೈ ನಡುಗುತ್ತೆ ಭಾವ."

"ನಡುಗಲಿ ಬಿಡೋ. ಲೋಕಾನ ಕಾಪಾಡೀ ಕಾಪಾಡೀ ಆ ಆರು ಜನಕ್ಕೂ ವಯಸ್ಸಾಗಿರುತ್ತೆ. ಮುಖದ ಮೇಲೆ ನಾಲ್ಕು ಗೆರೆ ಸೊಟ್ಟ ಬಿದ್ರೆ ಯಾರೂ ಏನೂ ಅನ್ನಲ್ಲ."

ಭಾಮೈದ ಮರುಮಾತಾಡದೆ ಹಾಳೆ ಹುಡುಕತೊಡಗಿದ. ಹತ್ತಕ್ಕೆಷ್ಟಕ್ಕ ಮೂಗೊರೆಸಿಕೊಂಡು ಚೀಲ ಹೆಗಲಿಗೇರಿಸಿ, ಆ ಸಂಚಿಕೆಯನ್ನು ಮಾತ್ರ ತನ್ನ ಮೇಜಿಗೆ ಕಳಿಸಬೇಡಿ, ನೇರ ಅಚ್ಚಿಗೇ ಕಳಿಸಿ ಎಂದಳು.